ಶನಿವಾರದ ಪಾಪನಿವೇದನೆ

ನನ್ನ ಗಂಡ ಇಪ್ಪತ್ತಾರು ವರ್ಷ ಒಂದೇ ಕನ್ನಡಕದ ಅಂಗಡಿಯಲ್ಲಿ ಗ್ಲಾಸು ಉಜ್ಜಿದ ಮನುಷ್ಯ. ಅಂಗಡಿಯ ಮುಂದುಗಡೆ ದೊಡ್ಡ ಕನ್ನಡಿ, ಬಿಳಿ ದೀಪ, ಹಲ್ಲು ಕಿರಿಯುವ ಮಾಲೀಕರು. ಪರದೆ ಸರಿಸಿದರೆ ಹಿಂದುಗಡೆ ಎರಡು ಸ್ಟೂಲು ಹಿಡಿಸುವಷ್ಟು ಕೋಣೆ, ಅಲ್ಲಿ ಇವರು. ಡಾಕ್ಟರ ಚೀಟಿಯಲ್ಲಿದ್ದ ನಂಬರಿಗೆ ಗ್ಲಾಸು ಉಜ್ಜಿ, ಫ್ರೇಮಿನ ಆಕಾರಕ್ಕೆ ಅಂಚು ಕತ್ತರಿಸಿ, ಪಕ್ಕದ ಸ್ಟೂಲಿನವನ ಕೈಗೆ ದಾಟಿಸುವುದು ಅವರ ಕೆಲಸ. ಸಂಜೆ ಮನೆಗೆ ಬಂದಾಗ ಉಗುರಿನ ಸಂದಿಯಲ್ಲೆಲ್ಲ ಬಿಳಿ ಕೆಸರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹತ್ತೂ ಬೆರಳು ತಿಕ್ಕಿದ ಮೇಲೆಯೇ ಕಾಫಿ ಲೋಟ ಮುಟ್ಟುತ್ತಿದ್ದರು.

ಅಭ್ಯಾಸವೇ ಅವರ ಬೆನ್ನೆಲುಬು. ಬೂಟು ಮೊದಲು ಎಡಗಾಲಿಗೆ, ಊಟಕ್ಕೆ ಮುಂಚೆ ಶಿಲುಬೆ ಗುರುತು, ಊಟ ಆದ ಮೇಲೆ ಒಂದು ತೇಗು, ಆ ತೇಗಿಗೂ ಒಂದು ಶಿಲುಬೆ ಗುರುತು. ಭಾನುವಾರ ಚರ್ಚಿನಲ್ಲಿ ಬಲಗಡೆಯ ಆರನೇ ಬೆಂಚು. ಯಾರಾದರೂ ಗೊತ್ತಿಲ್ಲದೆ ಅಲ್ಲಿ ಕೂತುಬಿಟ್ಟರೆ ಆವತ್ತಿನ ಪೂಜೆಯೆಲ್ಲ ಇವರಿಗೆ ರುಚಿಸುತ್ತಿರಲಿಲ್ಲ.

ನಾನು ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್‌ನವಳು. ಹೊಲಿದು ಬಂದ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಎಲ್ಲಿ ಹೊಲಿಗೆ ತಪ್ಪಿದೆ, ಎಲ್ಲಿ ದಾರ ಸಡಿಲ ಇದೆ ಎಂದು ಹುಡುಕುವುದಕ್ಕೆ ನನಗೆ ಸಂಬಳ. ಹೊರಗಿನಿಂದ ಚೆನ್ನಾಗಿ ಕಾಣುವುದನ್ನು ನಂಬಬೇಡ ಎಂದು ಹತ್ತೊಂಬತ್ತು ವರ್ಷ ಫ್ಯಾಕ್ಟರಿಯವರು ಕಲಿಸಿದ್ದಾರೆ. ಹಾಗೆ ನೋಡಿದರೆ ಕಲಿಸುವ ಅಗತ್ಯವೇನೂ ಇರಲಿಲ್ಲ. ನಮ್ಮಮ್ಮ ಹಾಲಿನವಳ ಅಳತೆಯನ್ನು ಮೂರು ಸಲ ನೋಡುತ್ತಿದ್ದಳು, ನಾನು ನಾಲ್ಕು ಸಲ ನೋಡುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಶನಿವಾರ ಅಂಗಡಿ ಅರ್ಧ ದಿನ. ನಾಲ್ಕೂವರೆಗೆ ಚರ್ಚಿನಲ್ಲಿ ಪಾಪನಿವೇದನೆ. ನಾಲ್ಕಕ್ಕೆ ಸರಿಯಾಗಿ ಇವರು ಬಾಗಿಲ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಾ, ಗುರುಗಳ ಮುಂದೆ ಹೇಳಬೇಕಾದ ಪಾಪಗಳನ್ನು ಬಾಯಲ್ಲೇ ಮಣಮಣ ಒಪ್ಪಿಸಿ ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬರ ಪಾಪನಿವೇದನೆ ಕೇಳಿಸಿಕೊಳ್ಳಬಾರದು, ಅದೂ ಒಂದು ಪಾಪ. ನಾನು ಕಿಟಕಿಯ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ‘ಸಿಟ್ಟು ಮಾಡಿಕೊಂಡೆ. ಪ್ರಾರ್ಥನೆಯಲ್ಲಿ ಮನಸ್ಸು ಚದುರಿತು. ಕೆಲಸದಲ್ಲಿ ಸುಳ್ಳು ಹೇಳಿದೆ.’ ಪ್ರತಿ ವಾರ ಇವೇ ಮೂರು, ಇದೇ ಕ್ರಮದಲ್ಲಿ, ಮಗ್ಗಿ ಒಪ್ಪಿಸಿದ ಹಾಗೆ.

“ರೀ, ಹೊಸ ಪಾಪ ಯಾವ್ದೂ ಇಲ್ವಾ? ಕೇಳೀ ಕೇಳೀ ಫಾದರ್‌ಗೂ ಬೇಜಾರಾಗಿರುತ್ತೆ,” ಎಂದು ರೇಗಿಸುತ್ತಿದ್ದೆ.

“ನಿನ್ನ ಕಟ್ಕೊಂಡ ಮೇಲೆ ಸಿಟ್ಟು ಬರ್ದೆ ಇರುತ್ತಾ? ಅದಕ್ಕೇ ಅದು ಖಾಯಂ,” ಎಂದು ಅವರೂ ಬಿಡುತ್ತಿರಲಿಲ್ಲ.

ನಮ್ಮ ಫಾದರ್‌ಗೆ ವಯಸ್ಸಾಗಿದೆ, ಎಡಗಿವಿ ಮಂದ. ಪಾಪನಿವೇದನೆಯ ಗೂಡಿನ ಎಡಗಡೆ ಸಾಲು ಬಾಗಿಲವರೆಗೆ ಇರುತ್ತದೆ, ಬಲಗಡೆ ಇಬ್ಬರೋ ಮೂವರೋ. ಊರಿಗೆಲ್ಲ ಗೊತ್ತಿರುವ ಗುಟ್ಟು ಇದು. ನನ್ನ ಗಂಡ ಎಡಗಡೆಯವರು. ಐದು ನಿಮಿಷದಲ್ಲಿ ಮುಗಿಸಿ, ಮೂರು ‘ನಮೋ ಮರಿಯಾ’ ಹೇಳಿ, ಐದಕ್ಕೆಲ್ಲ ಮನೆಯಲ್ಲಿ. ಬಂದವರ ಮುಖ ಸ್ನಾನ ಮಾಡಿಸಿದ ಮಗುವಿನ ಹಾಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿದಾಗೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು. ಮೂರು ಪ್ರಾರ್ಥನೆಗೆ ತೊಳೆದುಹೋಗುವ ಪಾಪ ಅದೆಂಥ ಪಾಪ, ಅದೆಂಥ ಪಶ್ಚಾತ್ತಾಪ?

ಈ ವರ್ಷ, ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗಿ ಎರಡನೇ ಭಾನುವಾರ ಅದು ನಡೆಯಿತು. ಪರಮಪ್ರಸಾದಕ್ಕೆ ಜನ ಎದ್ದರು. ನಮ್ಮ ಬೆಂಚಿನವರೂ ಎದ್ದರು. ಇವರು ಏಳಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಾ ಕೂತೇ ಇದ್ದರು. ನಾನು ಮೊಣಕೈಯಿಂದ ತಿವಿದೆ. ಅಲುಗಲಿಲ್ಲ. ಬೆಂಚಿನವರು ಅವರ ಮಂಡಿ ದಾಟಿಕೊಂಡು ಹೋದರು.

ಚರ್ಚಿಗೆ ಹೋಗುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಪಾಪ ಮಾಡಿ ಅದನ್ನು ಇನ್ನೂ ಹೇಳಿಕೊಳ್ಳದೆ ಇರುವವರು ಪ್ರಸಾದಕ್ಕೆ ಹೋಗುವ ಹಾಗಿಲ್ಲ. ವರ್ಷಗಟ್ಟಲೆ ಒಂದು ಭಾನುವಾರವೂ ತಪ್ಪದ ಮನುಷ್ಯ ಕೂತರೆ ಇನ್ನೂರು ಜನರ ಕಣ್ಣು ಅವರ ಮೇಲೆ ಕೂರುತ್ತದೆ. ಹೊರಗೆ ಬಂದ ತಕ್ಷಣ ಜಪಮಾಲೆ ಆಂಟಿ ನನ್ನ ಕೈ ಹಿಡಿದುಕೊಂಡಳು. ಇವಳ ಬೆರಳು ಜಪಮಾಲೆಯ ಮೇಲೆ, ಕಿವಿ ಊರಿನ ಮೇಲೆ. ಅದಕ್ಕೇ ಆ ಹೆಸರು.

“ಯಜಮಾನ್ರಿಗೆ ಮೈ ಸರಿಯಿಲ್ವಾಮ್ಮಾ?”

“ಹೊಟ್ಟೆ ಕೆಟ್ಟಿದೆ ಆಂಟಿ.”

“ಹೌದಾ. ಹೊಟ್ಟೆನಾ,” ಎಂದಳು. ಆ ‘ಹೊಟ್ಟೆನಾ’ದಲ್ಲಿ ಏನೇನಿತ್ತು ಎಂದು ನಾನು ಮನೆವರೆಗೂ ಬಿಡಿಸುತ್ತಾ ಬಂದೆ.

ಮೂರನೇ ಭಾನುವಾರವೂ ಅವರು ಏಳಲಿಲ್ಲ. ಅಷ್ಟರಲ್ಲಿ ನಾನು ಲೆಕ್ಕ ಹಾಕುವುದಕ್ಕೆ ಶುರು ಮಾಡಿಯಾಗಿತ್ತು. ಶನಿವಾರ ನಾಲ್ಕಕ್ಕೆ ಹೊರಡುತ್ತಿದ್ದಾರೆ, ಆದರೆ ಬೂಟಿಗೆ ಪಾಲಿಶ್ ಇಲ್ಲ, ಬಾಯಲ್ಲಿ ಮಣಮಣ ಇಲ್ಲ. ಐದಕ್ಕೆ ಬರುವವರು ಆರೂವರೆಗೆ ಬರುತ್ತಾರೆ. ಬಂದವರ ಮುಖ ಬಾಡಿರುತ್ತದೆ. ಕೇಳಿದರೆ “ಸಾಲು ದೊಡ್ಡದಿತ್ತು” ಎನ್ನುತ್ತಾರೆ. ಐವತ್ತೆರಡು ವರ್ಷದ ಗಂಡಸು ಶನಿವಾರ ಸಂಜೆ ಸುಳ್ಳು ಹೇಳಿ ಹೋಗುವ ಜಾಗ ಯಾವುದಿರಬಹುದು? ನನಗೆ ಬಂದದ್ದು ಒಂದೇ ಯೋಚನೆ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲವಲ್ಲ. ಅವರ ಅಂಗಿಯ ಕಾಲರನ್ನು ಮೂಸಿ ನೋಡಿದೆ, ಜೇಬು ತಿರುಗಿಸಿ ನೋಡಿದೆ. ಒಳಮಗ್ಗುಲಲ್ಲಿ ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅನುಮಾನ ಇನ್ನಷ್ಟು ಬಲಿಯಿತು.

ಮುಂದಿನ ಶನಿವಾರ ತಲೆಗೆ ಸ್ಕಾರ್ಫು ಸುತ್ತಿಕೊಂಡು ಅವರ ಹಿಂದೆಯೇ ಹೊರಟೆ. ಅವರು ಚರ್ಚಿನ ಗೇಟು ದಾಟಿ ಮುಂದೆ ಹೋದರು, ತಲೆ ಕೂಡ ಆ ಕಡೆ ತಿರುಗಿಸಲಿಲ್ಲ. ಎರಡು ಸಿಗ್ನಲ್ ದಾಟಿ, ಔಷಧಿ ಅಂಗಡಿಯ ಪಕ್ಕದ ಬೀದಿಗೆ ತಿರುಗಿ, ಒಂದು ಬಸ್‌ಸ್ಟಾಪಿನ ಕಂಬದ ಹಿಂದೆ ನಿಂತರು. ಎದುರಿನ ಮನೆಯ ಮೊದಲ ಮಹಡಿಯ ಮೇಲೆ ಅವರ ಕಣ್ಣು. ಎರಡು ಬಸ್ಸು ಬಂದು ಹೋದವು, ಹತ್ತಲಿಲ್ಲ. ಮಹಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಇವಳೇ!

ಆಮೇಲೆ ಸರಿಯಾಗಿ ನೋಡಿದೆ. ತಲೆ ಪೂರ್ತಿ ಬೆಳ್ಳಗಿತ್ತು. ಎಪ್ಪತ್ತಾದರೂ ಆಗಿರಬೇಕು. ಬಲಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು, ಆ ಕೈಯ ಬೆರಳುಗಳು ಒಳಕ್ಕೆ ಮುದುಡಿದ್ದವು. ಅಷ್ಟರಲ್ಲಿ ಪಕ್ಕದ ಬಾಲ್ಕನಿಗೆ ಒಬ್ಬ ಎತ್ತರದ ಗಂಡಸು ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಂದ. ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿದ ರೀತಿ ನೋಡಿಯೇ ಗುರುತು ಸಿಕ್ಕಿತು. ಉದ್ದಣ್ಣ.

ಉದ್ದಣ್ಣ ಎಂದರೆ ನನ್ನ ಗಂಡನ ಪಕ್ಕದ ಸ್ಟೂಲಿನವನು. ಇವರು ಉಜ್ಜಿ ಕತ್ತರಿಸಿದ ಗ್ಲಾಸನ್ನು ಯಂತ್ರದಲ್ಲಿಟ್ಟು ನಂಬರು ಸರಿಯಿದೆಯಾ ಎಂದು ನೋಡಿ, ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಹದಿನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡು ತಿಂದವರು. ನಮ್ಮ ಮನೆಗೆ ಬಂದರೆ “ಅಕ್ಕಾ, ಕಾಫಿ” ಎನ್ನುತ್ತಲೇ ಒಳಗೆ ಬರುತ್ತಿದ್ದ. ಮೂರು ವರ್ಷದ ಹಿಂದೆ ಅವನು ಸರಿಯಾಗಿ ನೋಡದೆ ಪಿಟೀಲು ಕಲಿಸುವ ಟೀಚರೊಬ್ಬರಿಗೆ ತಪ್ಪು ನಂಬರಿನ ಕನ್ನಡಕ ಹೋಯಿತು. ಆಕೆ ಮೆಟ್ಟಿಲು ಕಾಣದೆ ಉರುಳಿ ಬಲಗೈ ಮುರಿದುಕೊಂಡರು. ಕಮಾನು ಹಿಡಿಯುವ ಕೈ ಮತ್ತೆ ಸರಿಹೋಗಲೇ ಇಲ್ಲ. ಮಾಲೀಕರು ಅವನನ್ನು ಕೆಲಸದಿಂದ ತೆಗೆದರು. ಅವನು ಚರ್ಚಿಗೂ ಬರುವುದು ಬಿಟ್ಟ. ಎಲ್ಲರಿಗೂ ಗೊತ್ತಿದ್ದ ಕಥೆ ಇಷ್ಟು. ನಾನೂ ನಾಲ್ಕು ಜನರಿಗೆ ಹೇಳಿದ್ದೆ.

ಸೀದಾ ಹೋಗಿ ಗಂಡನ ಪಕ್ಕ ನಿಂತೆ. “ಇದಾ ನಿಮ್ಮ ಸಾಲು?”

ಅವರು ಬೆಚ್ಚಲಿಲ್ಲ. ಸಿಕ್ಕಿಬಿದ್ದದ್ದೇ ಒಳ್ಳೆಯದಾಯಿತು ಎನ್ನುವ ಹಾಗಿತ್ತು ಮುಖ. ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಎದುರಿನ ಬಾಲ್ಕನಿ ನೋಡುತ್ತಲೇ ಹೇಳಿದರು.

“ಆ ಗ್ಲಾಸು ಅವನು ನೋಡೇ ಇರ್ಲಿಲ್ಲ ಕಣೇ.”

ಹಿಂದಿನ ಕೋಣೆಯಲ್ಲಿ ಅವರಿಬ್ಬರದೇ ಒಂದು ಪದ್ಧತಿ ಇತ್ತಂತೆ. ಪ್ರತಿ ಕನ್ನಡಕದ ಟ್ರೇಯಲ್ಲಿ ಒಂದು ಚೀಟಿ. ಉಜ್ಜಿದವರದೊಂದು ಸಹಿ, ಪರೀಕ್ಷೆ ಮಾಡಿದವರದೊಂದು ಸಹಿ. ಒಬ್ಬ ಬೇಗ ಹೊರಟರೆ ಇನ್ನೊಬ್ಬ ಇಬ್ಬರ ಸಹಿಯನ್ನೂ ಗೀಚುವುದು. ವರ್ಷಗಟ್ಟಲೆ ನಡೆದಿತ್ತು, ಏನೂ ಆಗಿರಲಿಲ್ಲ. ಆವತ್ತು ಶುಕ್ರವಾರ, ತಪಸ್ಸುಕಾಲ. ಉದ್ದಣ್ಣ ಹಲ್ಲುನೋವೆಂದು ಮಧ್ಯಾಹ್ನವೇ ಹೋಗಿದ್ದ. ಟೀಚರದು ಹನ್ನೊಂದು ವರ್ಷದಿಂದ ಒಂದೇ ನಂಬರು, ಇವರಿಗೆ ಬಾಯಿಪಾಠ. ಡಾಕ್ಟರ ಹೊಸ ಚೀಟಿಯಲ್ಲಿ ನಂಬರು ಬದಲಾಗಿತ್ತು. ಇವರು ಅದನ್ನು ಬಿಡಿಸಿಯೂ ನೋಡದೆ ಹಳೆಯ ನಂಬರಿಗೇ ಗ್ಲಾಸು ಉಜ್ಜಿ, ಫ್ರೇಮಿಗೆ ಕೂರಿಸಿ, ಎರಡೂ ಸಹಿ ಹಾಕಿ, ದಡಬಡ ಹೊರಟರು. ಹೊರಟದ್ದು ಎಲ್ಲಿಗೆ? ಚರ್ಚಿನಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆಗೆ. ತಡವಾಗಬಾರದಲ್ಲ!

“ಮಾಲೀಕ್ರು ಕೇಳಿದಾಗ ಬಾಯಿ ಬಿಡೋದಲ್ವಾ?”

“ಬಿಡೋಣ ಅಂತಲೇ ಇದ್ದೆ. ಅಷ್ಟ್ರಲ್ಲಿ ಅವನೇ, ‘ನಂದೇ ಸಹಿ ಸಾರ್, ನಾನೇ ನೋಡಿರ್ಬೇಕು’ ಅಂದ್ಬಿಟ್ಟ. ದಿನಕ್ಕೆ ನಲವತ್ತು ನೋಡ್ತಿದ್ದ. ಯಾವ್ದು ನೋಡಿದ್ದು ಯಾವ್ದು ಬಿಟ್ಟಿದ್ದು ಅವನಿಗೆಲ್ಲಿ ನೆನಪಿರುತ್ತೆ? ಉಜ್ಜೋವಾಗ ತಪ್ಪಾಗುತ್ತೆ, ಅದನ್ನ ಹಿಡಿಯೋಕಂತಲೇ ನೀನಿರೋದು ಅಂತ ಮಾಲೀಕ್ರು ಎಲ್ಲಾ ಅವನ ಮೇಲೇ ಹಾಕಿದ್ರು. ನಾನು ಸುಮ್ನಾದೆ. ಶನಿವಾರ ಹೋಗಿ, ಕೆಲಸದಲ್ಲಿ ಸುಳ್ಳು ಹೇಳಿದೆ ಫಾದರ್, ಅಂದೆ. ಮೂರು ನಮೋ ಮರಿಯಾ ಹೇಳು ಅಂದ್ರು. ಹೇಳಿದೆ. ಹಗುರಾಯ್ತು. ಮುಂದಿನ ವಾರಾನೂ ಹೇಳಿದೆ. ಹಂಗೇ ಮೂರು ವರ್ಷ.”

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಕಳೆದ ಮೇಲೆ ಆ ಬೀದಿಯ ಗಿರಾಕಿಯೊಬ್ಬರಿಗೆ ಕನ್ನಡಕ ಮುಟ್ಟಿಸಲು ಬಂದಿದ್ದಾಗ ಬಾಲ್ಕನಿಯಲ್ಲಿ ಉದ್ದಣ್ಣ ಕಂಡನಂತೆ. ಕೆಳಗಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿದರು. ಮೂರು ವರ್ಷದಿಂದ ಪ್ರತಿ ಶನಿವಾರ ಬರುತ್ತಾನೆ, ಟೀಚರ ಬಟ್ಟೆ ಒಗೆಯುತ್ತಾನೆ, ಮನೆ ಒರೆಸುತ್ತಾನೆ, ವಾರಕ್ಕಾಗುವಷ್ಟು ತರಕಾರಿ ಹೆಚ್ಚಿಟ್ಟು ಹೋಗುತ್ತಾನೆ, ಯಾರೂ ಹೇಳಿದ್ದಲ್ಲ. ಈಗ ಅವನು ಒಂದು ಪಾರ್ಕಿಂಗ್ ಜಾಗದಲ್ಲಿ ವಾಚ್‌ಮನ್.

“ನಾನು ಮಾಡಿದ್ದಕ್ಕೆ ಅವನು ಬಟ್ಟೆ ಒಗೀತಿದಾನೆ,” ಎಂದರು. “ಆ ಶನಿವಾರ ಫಾದರ್ ಮುಂದೆ ಮಂಡಿಯೂರಿದೆ. ಮೊದಲಿನ ಎರಡು ಪಾಪ ಹೇಳಿದೆ. ಮೂರನೇದಕ್ಕೆ ಬಾಯೇ ಬರ್ಲಿಲ್ಲ. ಎದ್ದು ಬಂದ್ಬಿಟ್ಟೆ.”

ನನಗೆ ಮೊದಲು ಬಂದದ್ದು ಸಮಾಧಾನ. ಬೇರೆ ಹೆಂಗಸಲ್ಲ! ಎರಡನೆಯದಾಗಿ ಬಂದದ್ದು ಭಯ. ಏಕೆಂದರೆ ಮಾಲೀಕರು ಈಸ್ಟರ್ ಆದ ಮೇಲೆ ಎರಡನೇ ಅಂಗಡಿ ತೆರೆಯುವವರಿದ್ದರು. ಅದರ ಉಸ್ತುವಾರಿ ಇವರಿಗೆ. ಇಪ್ಪತ್ತಾರು ವರ್ಷ ಪರದೆಯ ಹಿಂದೆ ಇದ್ದವರು ಇಸ್ತ್ರಿ ಅಂಗಿ ತೊಟ್ಟು ಕನ್ನಡಿಯ ಮುಂದೆ ನಿಲ್ಲುತ್ತಾರೆ. ನಾನಾಗಲೇ ಚೆಕ್ಕಿಂಗ್ ಟೇಬಲ್ಲಿನ ಹನ್ನೊಂದು ಹೆಂಗಸರಿಗೂ ಹೇಳಿ ಮುಗಿಸಿದ್ದೆ.

“ಹೇಳಿಬಿಡ್ತೀನಿ ಅವನಿಗೆ. ಇವತ್ತೇ,” ಎಂದು ಎದ್ದರು.

ನಾನು ಅಂಗಿ ಹಿಡಿದು ಕೂರಿಸಿದೆ. ಆವತ್ತು ನಾನು ಆಡಿದ ಮಾತುಗಳನ್ನು ಒಂದೂ ಮರೆತಿಲ್ಲ. ಹೇಳಿದರೆ ಟೀಚರ ಕೈ ವಾಪಸ್ ಬರುತ್ತಾ ಎಂದೆ. ದೇವರ ಮುಂದೆ ಹೇಳಿಯಾಯಿತಲ್ಲ, ಇನ್ನು ಮನುಷ್ಯರದ್ದೇನು ಎಂದೆ. ಮೂರು ವರ್ಷ ತಡೆದವನಿಗೆ ಇನ್ನು ಮೂರ್ನಾಲ್ಕು ವಾರ ಭಾರವಾಗುತ್ತಾ, ಉದ್ದಣ್ಣನಿಗೆ ಹೇಗೂ ಅಭ್ಯಾಸವಾಗಿದೆ ಎಂದೆ. ಕೊನೆಗೆ, “ಈಸ್ಟರ್ ಕಳೀಲಿ, ಅಂಗಡಿ ಶುರುವಾಗ್ಲಿ, ಆಮೇಲೆ ನೋಡೋಣ,” ಎಂದೆ. ಗಂಡನ ಪಶ್ಚಾತ್ತಾಪ ನಿಜವೋ ಸುಳ್ಳೋ ಎಂದು ವರ್ಷಗಟ್ಟಲೆ ಕಿಟಕಿಯ ಹಿಂದೆ ನಿಂತು ಕಿವಿಗೊಟ್ಟವಳು ನಾನು. ಅದು ನಿಜವಾಗಿ ಎದುರಿಗೆ ಬಂದು ನಿಂತಾಗ ಬಾಗಿಲು ಹಾಕಿದೆ.

ಅವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತರು. ಆಮೇಲೆ ನನ್ನ ಜೊತೆ ಮನೆಗೆ ಬಂದರು.

ಮುಂದಿನ ಎರಡು ವಾರವೂ ಅವರ ಮೇಲೆ ಕಣ್ಣಿಟ್ಟೆ. ಫೋನು ಕೈಗೆತ್ತಿಕೊಂಡರೆ ಯಾರಿಗೆ ಎಂದು ಕೇಳುವುದು, ಐದು ನಿಮಿಷ ತಡವಾದರೆ ಅಂಗಡಿಗೆ ಫೋನು ಮಾಡುವುದು. ಮೊದಲು ಪಾಪ ಮಾಡುತ್ತಿದ್ದಾರೆಂದು ಅನುಮಾನ ಪಟ್ಟಿದ್ದೆ; ಈಗ ಎಲ್ಲಿ ಒಪ್ಪಿಕೊಂಡುಬಿಡುತ್ತಾರೋ ಎಂದು. ಸಾಲದ್ದಕ್ಕೆ, ಕೇಳಿಕೊಂಡು ಬರುತ್ತೇನೆಂದು ಗಂಡನಿಗೆ ಹೇಳಿ ಫಾದರ್ ಹತ್ತಿರ ಹೋದೆ. ಫಾದರ್ ಆಫೀಸಿನಲ್ಲಿ ಕೂತು ದೀಕ್ಷಾಸ್ನಾನದ ಸರ್ಟಿಫಿಕೇಟುಗಳಿಗೆ ಸೀಲು ಒತ್ತುತ್ತಿದ್ದರು. ಅವರ ಒಳ್ಳೆಯ ಕಿವಿಯ ಕಡೆಗೇ ಕುರ್ಚಿ ಎಳೆದುಕೊಂಡೆ.

“ನಂಗೆ ಗೊತ್ತಿರೋ ಒಬ್ರ ವಿಷ್ಯ ಫಾದರ್. ಅವ್ರು ಮಾಡಿದ ತಪ್ಪನ್ನ ಪಾಪನಿವೇದನೆಯಲ್ಲಿ ಹೇಳ್ಕೊಂಡಾಗಿದೆ. ದೇವ್ರು ಕ್ಷಮಿಸಿದ ಮೇಲೂ ಹೋಗಿ ಆ ಮನುಷ್ಯನ ಮುಂದೆ ಹೇಳ್ಲೇಬೇಕಾ?”

ಫಾದರ್ ಸೀಲು ಕೆಳಗಿಟ್ಟರು. “ಬಸ್ಸಲ್ಲಿ ಒಬ್ರ ಕಾಲು ತುಳ್ಕೊಂಡು ನಿಂತಿದೀರಿ ಅಂತ ಇಟ್ಕೊಳ್ಳಿ. ದೇವ್ರೇ ತಪ್ಪಾಯ್ತು ಅಂದ್ರಿ. ಸರಿ. ಕಾಲು ತೆಗೀಬೇಕೋ ಬೇಡ್ವೋ?”

“ತುಳಿದಿರೋದು ನಾನಲ್ಲ ಫಾದರ್!”

“ನಾನು ನಿಮ್ಮನ್ನ ಅನ್ನಲಿಲ್ವಲ್ಲಮ್ಮ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎದ್ದು ಬಂದೆ. ಮನೆಯಲ್ಲಿ ಗಂಡ, ಫಾದರ್ ಏನಂದರು ಎಂದು ಕೇಳಿದಾಗ, “ಫಾದರ್ ಊರಲ್ಲಿಲ್ಲ,” ಎಂದೆ. ನಾಲಿಗೆ ಒಂದು ಸಲವೂ ತಡವರಿಸಲಿಲ್ಲ.

ಹದಿನಾಲ್ಕನೇ ದಿನ, ಶನಿವಾರ, ಅವರು ಅಂಗಡಿಯಿಂದ ಬಂದು ಕೈ ಕೂಡ ತೊಳೆಯದೆ ಬಾಗಿಲಲ್ಲಿ ನಿಂತರು. “ನಾನು ಹೋಗ್ತಿದೀನಿ. ನೀನು ಬರೋದಾದ್ರೆ ಬಾ.” ದನಿ ಜೋರಿರಲಿಲ್ಲ, ಆದರೆ ಅಂಗಿ ಹಿಡಿದು ಕೂರಿಸುವ ಹಾಗೂ ಇರಲಿಲ್ಲ. ನಾನೂ ಹೊರಟೆ. ಅವರಿಗೆ ಆಸರೆಯಾಗಲಿ ಎಂದಲ್ಲ. ಒಬ್ಬರೇ ಹೋದರೆ ಇನ್ನೂ ಏನೇನು ಬಾಯಿ ಬಿಡುತ್ತಾರೋ ಎಂಬ ಅನುಮಾನಕ್ಕೆ.

ಟೀಚರ್ ಎಡಗೈಯಲ್ಲಿ ಬಾಗಿಲು ತೆರೆದರು. ಉದ್ದಣ್ಣ ಮಂಡಿಯೂರಿ ನೆಲ ಒರೆಸುತ್ತಿದ್ದ. ನಮ್ಮನ್ನು ನೋಡಿ ಒದ್ದೆ ಬಟ್ಟೆ ಹಿಡಿದೇ ಎದ್ದು, “ಅಣ್ಣಾ! ಅಕ್ಕಾ! ನೀವಿಲ್ಲಿ?” ಎಂದ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ನಾಚಿಕೊಂಡ. ಗೋಡೆಯ ಮೇಲೆ ಪಿಟೀಲಿನ ಪೆಟ್ಟಿಗೆ ತೂಗುಹಾಕಿತ್ತು.

ನನ್ನ ಗಂಡ ಕೂರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದರು: ಹಲ್ಲುನೋವಿನ ಶುಕ್ರವಾರ, ಬಿಡಿಸದ ಚೀಟಿ, ಎರಡು ಸಹಿ, ಚರ್ಚಿಗೆ ಓಡಿದ್ದು, ಮಾಲೀಕರ ಮುಂದೆ ಸುಮ್ಮನಿದ್ದದ್ದು. ಬಾಯಿಪಾಠದ ಮಾತಾಗಿರಲಿಲ್ಲ ಅದು. ನಡುನಡುವೆ ನಿಲ್ಲುತ್ತಿದ್ದರು, ಒಂದೇ ಸಂಗತಿಯನ್ನು ಎರಡು ಸಲ ಹೇಳುತ್ತಿದ್ದರು, ಮೂಗು ಸುರಿಯುತ್ತಿತ್ತು. ಅಷ್ಟು ಹೊತ್ತಿಗೆ ನನಗೂ ಅನುಮಾನ ಪಡಲು ಏನೂ ಉಳಿದಿರಲಿಲ್ಲ.

“ನಾನಲ್ವಾ?” ಎಂದ ಉದ್ದಣ್ಣ. ನನ್ನ ಗಂಡ ಅಲ್ಲ ಎಂದು ತಲೆಯಾಡಿಸಿದರು. “ನಾನಲ್ವಾ, ಅಣ್ಣಾ?” ಎಂದು ಮತ್ತೆ ಕೇಳಿದ. ಒದ್ದೆ ನೆಲದ ಮೇಲೇ ಕೂತುಬಿಟ್ಟ. ಅಷ್ಟೆತ್ತರದ ಮನುಷ್ಯ ಮುದುಡಿ ಮಗುವಿನಷ್ಟಾಗಿದ್ದ.

ಟೀಚರ್ ನನ್ನ ಗಂಡನನ್ನು ನೋಡಿ ಹೇಳಿದರು, “ಪ್ರತಿ ಶನಿವಾರ ಹೋಗುವಾಗ ಇವನಿಗೆ, ನಿನ್ನ ಕ್ಷಮಿಸಿದೀನಿ ಹೋಗಪ್ಪ, ಅಂತಿದ್ದೆ. ಕ್ಷಮಿಸಬೇಕಾದವನು ಇವನಲ್ಲ ಅಂತ ಈಗ ಹೇಳ್ತೀರಿ. ನಿಮಗೆ ಆ ಮಾತು ಹೇಳೋದಕ್ಕೆ ಇವತ್ತು ನನ್ನ ಕೈಲಾಗಲ್ಲ. ಇನ್ನೊಂದು ದಿನ ಬನ್ನಿ.”

“ಬರ್ತೀನಮ್ಮಾ,” ಎಂದರು ಇವರು.

ಉದ್ದಣ್ಣ ನೆಲ ನೋಡುತ್ತಾ ತನ್ನಷ್ಟಕ್ಕೆ ಮಾತಾಡುವ ಹಾಗೆ ಹೇಳಿದ: “ಹೋದ ಸೋಮವಾರ ಕಣ್ಣಾಸ್ಪತ್ರೆಯವ್ರು ಕರೆದಿದ್ರು. ಕನ್ನಡಕ ಕೂರಿಸೋ ಕೆಲಸ. ಇನ್ನೊಬ್ರ ಕಣ್ಣಿನ ಜೊತೆ ಆಟ ಆಡೋ ಧೈರ್ಯ ಇಲ್ಲ ಸಾರ್, ಬೇಡ, ಅಂದೆ. ಬುಧವಾರ ಬೇರೆಯವ್ರನ್ನ ತಗೊಂಡ್ರಂತೆ.” ಆಮೇಲೆ ತಲೆಯೆತ್ತಿದ. ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದ. “ನಿಮಗೆ ಯಾವಾಗ ಗೊತ್ತಾಯ್ತು, ಅಕ್ಕಾ?”

ಹದಿನಾಲ್ಕು ದಿನ. ಅವನು ಬೇಡ ಎಂದ ಸೋಮವಾರ, ನನಗೆ ಗೊತ್ತಾಗಿ ಒಂಬತ್ತನೇ ದಿನ. ನಾನು ಅಂಗಿ ಹಿಡಿದು ಎಳೆಯದಿದ್ದರೆ ಆ ಸೋಮವಾರ ಅವನು ಹೂಂ ಎನ್ನುತ್ತಿದ್ದ. ಲೆಕ್ಕ ನನಗೆ ಎಷ್ಟು ಚೆನ್ನಾಗಿ ಬರುತ್ತದೆಂದರೆ, ಅವನು ಕೇಳಿ ಮುಗಿಸುವ ಮೊದಲೇ ಹಾಕಿ ಮುಗಿಸಿದ್ದೆ.

“ಇವತ್ತೇ ಕಣಪ್ಪ,” ಎಂದೆ. “ಬೆಳಿಗ್ಗೆ ಹೇಳಿದ್ರು. ತಕ್ಷಣ ಕರ್ಕೊಂಡು ಬಂದೆ.”

ನನ್ನ ಗಂಡ ನನ್ನ ಮುಖ ನೋಡಿದರು. ಉದ್ದಣ್ಣ ಕೈ ಮುಗಿದ, ನನಗೆ.

ಮೆಟ್ಟಿಲಿಳಿಯುವಾಗ ಇವರು ನಿಂತರು. “ವಾಪಸ್ ಹೋಗಿ ಹೇಳ್ತೀಯಾ?”

“ಸುಮ್ನಿರಿ. ಪಾಪ, ಅವನಿಗೆ ಇವತ್ತಿಗೆ ಇಷ್ಟು ಸಾಕು. ಆಮೇಲೆ ಹೇಳಿದ್ರಾಯ್ತು.”

“ಮೊದಲನೇ ದಿನ ನಾನೂ ಹಂಗೇ ಅಂದ್ಕೊಂಡಿದ್ದೆ,” ಎಂದು ಹೇಳಿ ಮುಂದೆ ಇಳಿದರು.

ಸೋಮವಾರ ಅಂಗಡಿಯಲ್ಲಿ, ಎಲ್ಲರ ಎದುರಿಗೆ, ಮಾಲೀಕರಿಗೂ ಹೇಳಿದರು. ಸುಳ್ಳು ಸಹಿ ಹಾಕಿದವನನ್ನು ಇಟ್ಟುಕೊಳ್ಳುವುದಿಲ್ಲ ಎಂದು ಆವತ್ತೇ ಕೆಲಸದಿಂದ ತೆಗೆದರು. ಹೊಸ ಅಂಗಡಿ ಮಾಲೀಕರ ಅಳಿಯನ ಪಾಲಾಯಿತು. ಉದ್ದಣ್ಣನನ್ನಾದರೂ ವಾಪಸ್ ಕರೆದರೇ ಎಂದರೆ ಅದೂ ಇಲ್ಲ. ಇಬ್ಬರೂ ಸಹಿಯಾಟ ಆಡಿದವರೇ ಎಂದರಂತೆ. ಇವರೀಗ ಬೇರೆ ಎರಡು ಅಂಗಡಿಗಳಿಗೆ ಬಿಡಿ ಕೆಲಸ ಮಾಡಿಕೊಡುತ್ತಾರೆ, ಡಾಕ್ಟರ ಚೀಟಿಯನ್ನು ಮೂರು ಸಲ ಓದುತ್ತಾರೆ. ಶನಿವಾರ ಟೀಚರ ಮನೆಗೆ ಹೋಗಿ ನೆಲ ಒರೆಸಿ ಬರುತ್ತಾರೆ. ಟೀಚರ್ ಇನ್ನೂ ಆ ಮಾತು ಹೇಳಿಲ್ಲ. ಇವರು ಕೇಳಿಯೂ ಇಲ್ಲ. ಅಂಗಡಿ ಹೋಯಿತಲ್ಲ ಎಂದು ನಾನು ಎಷ್ಟೋ ದಿನ ಅತ್ತಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಮಾಲೀಕರಿಗೆ ಹೇಳಿದ ಎರಡು ದಿನಕ್ಕೆ, ಈಸ್ಟರಿಗೆ ಮುಂಚಿನ ಬುಧವಾರ, ಎಲ್ಲರೂ ಪಾಪನಿವೇದನೆಗೆ ಬರುವ ದಿನ. ನನ್ನ ಗಂಡ ಒಳಗೆ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಜಪಮಾಲೆ ಆಂಟಿ ನನ್ನನ್ನು ನೋಡಿ ಹುಬ್ಬೇರಿಸಿದಳು. ಅವರು ಹೊರಗೆ ಬಂದಾಗ ಮುಖ ಹೊಳೆಯುತ್ತಿರಲಿಲ್ಲ, ದಣಿದಿತ್ತು. ಹಿಂದಿನ ಬೆಂಚಿನಲ್ಲಿ ಹೋಗಿ ಮಂಡಿಯೂರಿದರು.

ನನ್ನ ಸರದಿ ಬಂತು. ಪಕ್ಕದವರ ಬಗ್ಗೆ ಆಡಿಕೊಂಡೆ ಎಂದೆ. ಪ್ರಾರ್ಥನೆ ಬಿಟ್ಟೆ ಎಂದೆ. ಸುಳ್ಳು ಹೇಳಿದೆ ಎಂದೆ.

“ಎಷ್ಟು ಸಲ?” ಎಂದರು ಫಾದರ್.

“ಒಂದೆರಡು ಸಲ.”

“ಅದರಿಂದ ಯಾರಿಗಾದ್ರೂ ತೊಂದ್ರೆ ಆಯ್ತಾ?”

“ಇಲ್ಲ ಫಾದರ್.”

ಮೂರು ನಮೋ ಮರಿಯಾ ಹೇಳಲು ಹೇಳಿದರು. ಶಿಲುಬೆ ಗುರುತು ಹಾಕಿಕೊಂಡು ಎದ್ದು ಬಂದೆ. ಬಾಗಿಲ ಹತ್ತಿರ, ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಒಂದು ತಲೆ ಎತ್ತರ ನಿಂತಿದ್ದ ಉದ್ದಣ್ಣ. ಮೂರು ವರ್ಷದ ಮೇಲೆ ಚರ್ಚಿಗೆ ಬಂದಿದ್ದ. ನನ್ನನ್ನು ಕಂಡು ಮುಖ ಅರಳಿತು.

“ನೀವು ಗೊತ್ತಾದ ದಿನಾನೇ ಅಣ್ಣನ್ನ ಕರ್ಕೊಂಡು ಬಂದ್ರಲ್ಲ, ಅದನ್ನ ನಾನು ಸಾಯೋವರ್ಗೂ ಮರೆಯಲ್ಲ ಅಕ್ಕಾ,” ಎಂದ, ಸಾಲಿನವರಿಗೆಲ್ಲ ಕೇಳುವಂತೆ. ಆಮೇಲೆ ದನಿ ತಗ್ಗಿಸಿ ಕೇಳಿದ: “ಹೇಗೆ ಶುರು ಮಾಡ್ಬೇಕು ಅನ್ನೋದೇ ಮರೆತೋಗಿದೆ. ತುಂಬಾ ಹೊತ್ತು ಹಿಡಿಯುತ್ತಾ?”

“ಏನಿಲ್ಲಪ್ಪ,” ಎಂದೆ. “ಎರಡು ನಿಮಿಷ.”